ಪಾಡ್ಯದ ಕೂಗು

ಇಂದ್ರಾಣಿ ಊರಿಗೆ ಬಂದ ಮೇಲೆ ನನ್ನ ಗಂಟಲು ಕೆಟ್ಟಿತು ಎಂದು ನಮ್ಮ ಬೀದಿಯವರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ನಾನು ಬಾಯಿಬಿಟ್ಟರೆ ಈಗಲೂ ಮೂರು ಬೀದಿ ಆಚೆ ಮಲಗಿದವರು ಎದ್ದು ಕೂರುತ್ತಾರೆ. ಕೆಟ್ಟದ್ದು ಗಂಟಲಲ್ಲ, ಹೊಟ್ಟೆ. ಹೊಟ್ಟೆಕಿಚ್ಚು ಪಡುವವರು ಸಾಮಾನ್ಯವಾಗಿ ಅದನ್ನು ಒಪ್ಪಿಕೊಳ್ಳುವುದಿಲ್ಲ, ತಲೆನೋವು ಅನ್ನುತ್ತಾರೆ, ನಿದ್ದೆ ಇಲ್ಲ ಅನ್ನುತ್ತಾರೆ. ನಾನು ಕೂಗಿಯೇ ಬದುಕಿದವಳು, ಗುಟ್ಟು ಮಾಡಿ ಅಭ್ಯಾಸವಿಲ್ಲ. ಆ ಹೆಂಗಸನ್ನು ಕಂಡರೆ ನನಗೆ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಅದು ಹೇಗೆ ಶುರುವಾಗಿ ಎಲ್ಲಿಗೆ ಬಂತು ಎಂದು ಹೇಳುತ್ತೇನೆ, ಕೇಳಿ.

ನಮ್ಮೂರಲ್ಲಿ ಅಮಾವಾಸ್ಯೆ ಕಳೆದು ಪಾಡ್ಯದ ಬೆಳಗಾಯಿತೆಂದರೆ ಸಾಮಾನುಗಳ ಹೆಸರುಗಳೆಲ್ಲ ಜನರ ತಲೆಯಿಂದ ಇಳಿದುಹೋಗಿರುತ್ತವೆ. ಗಂಡ, ಹೆಂಡತಿ, ಮಕ್ಕಳು, ಜಗಳವಾಡಿ ಮಾತು ಬಿಟ್ಟವರು ಎಲ್ಲರೂ ನೆನಪಿರುತ್ತಾರೆ. ಬಚ್ಚಲಲ್ಲಿರುವ ಸೋಪು ಯಾವುದು, ಯಾರ ಅಂಗಡಿಯ ಕಾಫಿಪುಡಿ ಕುಡಿಯುತ್ತಿದ್ದೆವು, ತಲೆಗೆ ಹಚ್ಚುವ ಎಣ್ಣೆ ಯಾರದು, ಇವು ಮಾತ್ರ ಇರುವುದಿಲ್ಲ. ಹಲ್ಲುಪುಡಿಯ ಡಬ್ಬಿಯನ್ನು ತಿರುಗಿಸಿ ನೋಡುತ್ತಾರೆ, ಮೇಲೆ ಬರೆದಿರುವ ಹೆಸರನ್ನು ಓದುತ್ತಾರೆ, ಗುರುತಿಲ್ಲದ ಬೀಗರನ್ನು ಕಂಡವರಂತೆ ಪೆಚ್ಚುನಗೆ ನಕ್ಕು ಕೆಳಗಿಡುತ್ತಾರೆ. ಹಿಂದಿನ ದಿನವೇ ಚೀಟಿ ಬರೆದಿಟ್ಟುಕೊಂಡವರೂ ಇದ್ದರು. ಬೆಳಿಗ್ಗೆ ಅದನ್ನು ಓದಿ "ಇದ್ಯಾರ ಚೀಟಿ ನಮ್ಮನೇಲಿ?" ಎಂದು ಪಕ್ಕದ ಮನೆಗೆ ಕೊಟ್ಟು ಬರುತ್ತಿದ್ದರು.

ಅದಕ್ಕೇ ನಾವಿರುವುದು, ಕೂಗುವವರು. ಪಾಡ್ಯದ ದಿನ ಹೊತ್ತು ಮೂಡಿದ ಕೂಡಲೇ ಬೀದಿಗಿಳಿಯುತ್ತೇವೆ. ಹಲ್ಲುಪುಡಿಯವರು ಮೊದಲು, ಹಿಂದೆಯೇ ಕಾಫಿಪುಡಿ, ಸೋಪು, ಎಣ್ಣೆ. ಯಾರ ಹೆಸರು ಖಾಲಿ ತಲೆಗೆ ಮೊದಲು ಬೀಳುತ್ತದೋ ಅದು ಮುಂದಿನ ಅಮಾವಾಸ್ಯೆಯವರೆಗೆ ಅಲ್ಲೇ ಕಾಲು ಚಾಚಿಕೊಂಡು ಕೂತಿರುತ್ತದೆ. ಆಮೇಲೆ ಬಂದವರು ಎಷ್ಟು ಬಡಿದುಕೊಂಡರೂ ಅಷ್ಟೇ. ಇದರಲ್ಲಿ ಒಂದು ನ್ಯಾಯವೂ ಇತ್ತು. ಹಿಂದಿನ ತಿಂಗಳು ಗೆದ್ದವರು, ಸೋತವರು ಎಲ್ಲರೂ ಪಾಡ್ಯದ ದಿನ ಒಂದೇ ಗೆರೆಯ ಮೇಲೆ ನಿಲ್ಲಬೇಕು.

ಈ ಮರೆವು ದುಡ್ಡು ಕೊಟ್ಟು ಕೊಂಡದ್ದಕ್ಕೆ, ಯಾರೋ ತಂದುಕೊಟ್ಟದ್ದಕ್ಕೆ ಮಾತ್ರ. ತಾವೇ ಮಾಡಿದ್ದನ್ನು ನಮ್ಮೂರಲ್ಲಿ ಯಾರೂ ಮರೆಯುವುದಿಲ್ಲ. ಕುಂಬಾರನಿಗೆ ತನ್ನ ಮಡಕೆ ನೆನಪಿರುತ್ತದೆ. ನನಗೆ ನನ್ನ ಕೊಕ್ಕರೆ ಹಲ್ಲುಪುಡಿ ನೆನಪಿರುತ್ತದೆ.

ಕೊಕ್ಕರೆ ನಮ್ಮತ್ತೆಯ ಕಾಲದ್ದು. ಲವಂಗ, ಪಟಿಕ, ಜಾಲಿಯ ಚಕ್ಕೆ, ಹುರಿದ ಉಪ್ಪು. ಕುಟ್ಟುವುದನ್ನೂ ಕೂಗುವುದನ್ನೂ ಅವರೇ ನನಗೆ ಕಲಿಸಿದರು. "ಕೆಂಪಾಜಿ, ಒಂದು ಬೀದಿಗೆ ಹನ್ನೊಂದು ಸಲ ಹೆಸರು ಹೇಳ್ಬೇಕು. ಹತ್ತು ಸಲ ಕಿವಿಗೆ, ಹನ್ನೊಂದನೇದು ತಲೆಗೆ" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೇ ಕೂಗಿದ್ದೇನೆ. ಊರಿನ ಮುಕ್ಕಾಲು ಜನ ನನ್ನ ಪುಡಿಯಲ್ಲೇ ಬಾಯಿ ತೊಳೆಯುತ್ತಿದ್ದರು.

ನಮ್ಮ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಪುಡಿ ಕುಟ್ಟಿದವರು ಅವರಲ್ಲ, ಕೂಗಿದವರೂ ಅಲ್ಲ, ಆದ್ದರಿಂದ ಎಲ್ಲರ ಹಾಗೆ ಅವರಿಗೂ ಮರೆಯುತ್ತದೆ. ಕೂಗುವವರ ಮನೆಗಳಲ್ಲಿ ಇದಕ್ಕೊಂದು ಪದ್ಧತಿಯಿದೆ. ಅಮಾವಾಸ್ಯೆಯ ದಿನ ಮಲಗುವ ಮುಂಚೆ ಮನೆಯವರ ಕಿವಿಗೆ ಹತ್ತಿ ಇಡುತ್ತೇವೆ. ಬೆಳಿಗ್ಗೆ ಬೀದಿಗಿಳಿಯುವ ಮುಂಚೆ ಆ ಹತ್ತಿ ತೆಗೆದು, ಬಗ್ಗಿ, ಮೊದಲ ಕೂಗನ್ನು ಅವರ ಕಿವಿಯಲ್ಲೇ ಮೆಲ್ಲಗೆ ಹೇಳುತ್ತೇವೆ. ಊರಿಗೆ ಕೂಗುವ ಹೆಸರನ್ನು ಅಷ್ಟು ಮೆಲ್ಲಗೆ ಹೇಳುವುದು ಅಲ್ಲಿ ಮಾತ್ರ. ಯಜಮಾನರು ಕಣ್ಣುಮುಚ್ಚಿ ತಲೆಯನ್ನು ಸ್ವಲ್ಪ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು. ಊರೆಲ್ಲ ಕೈಬಿಟ್ಟರೂ ಈ ಒಂದು ತಲೆ ನನ್ನದು ಎಂಬ ಧೈರ್ಯದಲ್ಲೇ ನಾನು ಹೊಸ್ತಿಲು ದಾಟುತ್ತಿದ್ದದ್ದು.

ಇಂದ್ರಾಣಿ ಹೊಳೆಯಾಚೆಯಿಂದ ಬಂದವಳು. ಅರಳಿಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಮೂವತ್ತರ ಆಸುಪಾಸು, ಕಡ್ಡಿಯಂಥ ಮೈ, ಹೆಗಲಿಗೊಂದು ಚೀಲ. ಅವಳೂ ಹಲ್ಲುಪುಡಿ ಮಾರುತ್ತಾಳೆ, ಮುತ್ತುಗದೆಲೆಯ ಪೊಟ್ಟಣದಲ್ಲಿ ಕಟ್ಟಿ, ಹೆಸರು ದಾಳಿಂಬೆ ಅಂತೆ ಎಂದು ಕೇಳಿದಾಗ ನಾನು ನಕ್ಕೆ. ಅವಳ ಮೊದಲ ಪಾಡ್ಯದ ದಿನ ನನ್ನ ಬೀದಿಗಳನ್ನು ಮುಗಿಸಿ ಬೇಕೆಂದೇ ಹೋಗಿ ನೋಡಿದೆ. ಅವಳು ಕೂಗುತ್ತಲೇ ಇರಲಿಲ್ಲ. ಒಂದು ಜಗಲಿಯ ಮುಂದೆ ನಿಂತು, ಪಕ್ಕದ ಮನೆಗೂ ಕೇಳಿಸದ ದನಿಯಲ್ಲಿ "ಒಡೆದ್ರೆ ಮನೆ ತುಂಬ ಹಲ್ಲು, ಕಚ್ಚೋಕೆ ಬಾಯಿಲ್ಲ..." ಎಂದು ಹೇಳಿ ಸುಮ್ಮನಾದಳು. ಹೆಸರಿಲ್ಲ, ಬಿಳುಪಿಲ್ಲ, ಹೊಳಪಿಲ್ಲ. ಜಗಲಿಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಇವಳು ಕಂಬ ಹಿಡಿದು ನಿಂತೇ ಇದ್ದಳು. ಸಾಕಷ್ಟು ಹೊತ್ತಾದ ಮೇಲೆ ಒಳಗಿಂದ ಸೊಸೆಯೊಬ್ಬಳು "ಅಯ್ಯೋ, ದಾಳಿಂಬೆ!" ಎಂದು ಓಡಿಬಂದಳು. ಇಂದ್ರಾಣಿ ತಲೆಯಾಡಿಸಿ, ಒಂದು ಪೊಟ್ಟಣ ತೆಗೆದುಕೊಟ್ಟು ಮುಂದಿನ ಮನೆಗೆ ಹೋದಳು.

ಇದೂ ಒಂದು ವ್ಯಾಪಾರವೇ ಎಂದುಕೊಂಡೆ. ನಾನು ಆರು ಬೀದಿ ಮುಗಿಸುವಷ್ಟರಲ್ಲಿ ಅವಳು ಆರು ಮನೆ ಮುಗಿಸಿರಲಿಲ್ಲ.

ಮೂರನೇ ಪಾಡ್ಯದ ದಿನ ನನ್ನ ನಗು ನಿಂತಿತು. ಹೊತ್ತು ಇನ್ನೂ ಮೂಡುತ್ತಿತ್ತು, ಊರಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ. ನೀರು ಚಿಮುಕಿಸಲು ಹೊರಗೆ ಬಂದರೆ ಪಕ್ಕದ ಮನೆಯ ಸಾಕಮ್ಮಜ್ಜಿ ಜಗಲಿಯ ಮೇಲೆ ಕೂತಿತ್ತು.

"ಕೆಂಪಾಜಿ, ಆ ದಾಳಿಂಬೆಯವಳು ಬಂದ್ರೆ ಈ ಕಡೆ ಕಳ್ಸೇ" ಎಂದಿತು.

ನನ್ನ ಕೈಯ ತಂಬಿಗೆ ಅಲ್ಲೇ ನಿಂತಿತು. "ಯಾವ ದಾಳಿಂಬೆ ಅಜ್ಜಿ? ಇವತ್ತು ಪಾಡ್ಯ."

"ಗೊತ್ತು ಕಣೇ. ಹಲ್ಲುಪುಡಿ ದಾಳಿಂಬೆ."

"ಯಾರೂ ಕೂಗೇ ಇಲ್ವಲ್ಲ ಇನ್ನೂ! ಅದೂ ಅಲ್ದೆ, ನಿಂಗೆ ಹಲ್ಲೆಲ್ಲಿದೆ?"

"ಹಲ್ಲಿಲ್ದಿದ್ರೆ ಏನಾಯ್ತು, ಒಸಡಿಲ್ವಾ? ಹೋದ ತಿಂಗ್ಳು ಅವಳು ಕೇಳಿದ ಒಗಟ್ನ ನಾನೇ ಬಿಡಿಸ್ದೆ. ಈ ಬೀದೀಲಿ ಯಾರಿಗೂ ಬರ್ಲಿಲ್ಲ, ನಾನೇ ಬಿಡಿಸಿದ್ದು. ನಾನ್ ಬಿಡಿಸಿದ್ನ ನಾನೇ ಮರೀತೀನಾ?" ಎಂದು ಅಜ್ಜಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು.

ನನಗೆ ಆಗ ಅರ್ಥವಾಯಿತು, ಆದ ಕೂಡಲೇ ಮೈಯೆಲ್ಲ ಉರಿದುಹೋಯಿತು. ನಾನು ಹನ್ನೊಂದು ಸಲ ಹೇಳಿ ಜನರ ತಲೆಗೆ ಹಾಕುತ್ತಿದ್ದ ಹೆಸರು ನಾನು ಕೊಟ್ಟದ್ದು, ಅವರದಲ್ಲ, ತಿಂಗಳಿಗೆ ಮುಗಿಯುತ್ತಿತ್ತು. ಇವಳು ಹೆಸರನ್ನೇ ಹೇಳದೆ ನಿಲ್ಲುತ್ತಿದ್ದಳು, ಜನ ತಾವೇ ತಡಕಾಡಿ ಅದನ್ನು ಮಾಡಿಕೊಳ್ಳುತ್ತಿದ್ದರು. ತಾವು ಮಾಡಿದ್ದನ್ನು ನಮ್ಮೂರಲ್ಲಿ ಯಾರು ಮರೆತಿದ್ದಾರೆ? ನಾನು ಪ್ರತಿ ತಿಂಗಳೂ ಮೊದಲಿಂದ ಹತ್ತುವ ಬೆಟ್ಟದ ಮೇಲೆ ಅವಳು ಮನೆ ಕಟ್ಟಿಕೊಂಡು ಕೂತಿದ್ದಳು. ಈ ಒಂದು ಸಾಲು ನನಗೆ ಯಾಕೆ ಹೊಳೆಯಲಿಲ್ಲ? ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡವಳಿಗೆ ಹೊಳೆಯದ್ದು, ನಿನ್ನೆ ಮೊನ್ನೆ ಬಂದ ಕಡ್ಡಿಗೆ ಹೊಳೆಯಿತಲ್ಲ!

ಅಲ್ಲಿಂದ ನನಗೆ ಅನ್ನ ಸೇರಲಿಲ್ಲ. ಅವಳ ಓಣಿಯ ದಾರಿ ಹಿಡಿದು ಸುಮ್ಮನೆ ಎರಡೆರಡು ಸಲ ಓಡಾಡಿದೆ. ಅವಳ ಪೊಟ್ಟಣದ ದಾರದ ಗಂಟು ಚೆನ್ನಾಗಿದೆ ಎಂದು ಹೊಟ್ಟೆ ಉರಿಯಿತು. ಅವಳು ನಿಧಾನ ನಡೆಯುತ್ತಾಳೆ ಎಂದೂ ಉರಿಯಿತು. ಮನೆಗೆ ಬಂದು ಒರಳಿನ ಮುಂದೆ ಕೂತರೆ ಒನಕೆ ಏಟು ಏಟಿಗೂ ದಾಳಿಂಬೆ, ದಾಳಿಂಬೆ ಎನ್ನುತ್ತಿತ್ತು. ಹಾಗೆ ಕುಟ್ಟುತ್ತಲೇ ನನಗೊಂದು ಕೂಗು ಹುಟ್ಟಿತು. "ದಾಳಿಂಬೆ ಬೇಡ, ದಾಳಿಂಬೆ ಬೇಡ, ದಾಳಿಂಬೆ ಉಜ್ಜಿದ್ರೆ ಒಸಡು ಸುಡುತ್ತೆ!" ಒಸಡು ಸುಡುವುದು ಸುಳ್ಳು, ನನಗೆ ಗೊತ್ತಿತ್ತು. ಆದರೆ ಸಾಲು ಎಷ್ಟು ಚೆನ್ನಾಗಿ ಕುದುರಿತ್ತೆಂದರೆ ನಾನೇ ಒನಕೆ ನಿಲ್ಲಿಸಿ ನಕ್ಕೆ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಸಾಲನ್ನು ನಾನು ಕಟ್ಟಿರಲಿಲ್ಲ.

ಮುಂದಿನ ಪಾಡ್ಯ ಬಂತು. ಅವಳಿಗಿಂತ ಮೊದಲು ಪ್ರತಿ ಬೀದಿಯನ್ನೂ ಮುಟ್ಟಬೇಕೆಂಬ ಆತುರ. ಸೆರಗು ಸಿಕ್ಕಿಸಿಕೊಂಡು ಹೊಸ್ತಿಲಿನಿಂದಲೇ ಶುರು ಮಾಡಿದೆ. ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಬೀದಿಗೆ ಹನ್ನೊಂದು ಸಲ ಅಲ್ಲ, ಇಪ್ಪತ್ತು ಸಲ ಕೂಗಿದೆ. ಊರ ತುದಿಯ ಬಾವಿಯವರೆಗೆ ಹೋಗಿ, ದಮ್ಮು ಕಟ್ಟಿ, ಕಟ್ಟೆಯ ಮೇಲೆ ಕೂತಾಗ ಮನಸ್ಸು ತಣ್ಣಗಾಯಿತು. ಇಂದ್ರಾಣಿ ಅವತ್ತು ಕಣ್ಣಿಗೆ ಬೀಳಲೇ ಇಲ್ಲ. ಹೆದರಿ ಒಳಗೆ ಸೇರಿದ್ದಾಳೆ ಎಂದುಕೊಂಡೆ.

ಬಾವಿಯಿಂದ ವಾಪಸು ಬರುವಾಗ ಜನ ನನ್ನೆದುರಿಗೇ ಸಾಲಾಗಿ ಅರಳಿಕಟ್ಟೆಯ ಕಡೆ ಹೋಗುತ್ತಿದ್ದರು. ಬಳೆಗಾರರ ಮನೆಯ ಹೆಂಗಸನ್ನು ತಡೆದು ಎಲ್ಲಿಗೆ ಎಂದೆ.

"ದಾಳಿಂಬೆ ತರೋಕೆ. ನೀನೇ ಕೂಗ್ಕೊಂಡು ಹೋದ್ಯಲ್ಲ ಕೆಂಪಕ್ಕ."

"ಬೇಡ ಅಂತ ಕೂಗಿದ್ದು ಕಣಮ್ಮಾ! ಒಸಡು ಸುಡುತ್ತೆ ಅಂತ!"

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಒಸಡಿನ ವಿಷ್ಯ ಏನೋ ಹೇಳ್ದೆ, ಹೌದು. ಒಸಡಿಗೆ ಒಳ್ಳೇದು ಅಂದ್ಯಲ್ವಾ?" ಎಂದು, ನಾನು ಬಾಯಿ ತೆರೆಯುವ ಮೊದಲೇ ಸಾಲಿಗೆ ಸೇರಿಕೊಂಡಳು.

ಖಾಲಿ ತಲೆಗಳಲ್ಲಿ ಉಳಿದದ್ದು ಅದೊಂದೇ. ಸಲಕ್ಕೆ ಮೂರರಂತೆ, ಬೀದಿಗೆ ಇಪ್ಪತ್ತು ಸಲ ನಾನು ಹೇಳಿದ ಹೆಸರು. ಬೇಡ ಎಂದದ್ದು, ಸುಡುತ್ತದೆ ಎಂದದ್ದು ದಾರಿಯಲ್ಲೇ ಉದುರಿಹೋಗಿತ್ತು. ಕೊಕ್ಕರೆಯ ಹೆಸರನ್ನು ಅವತ್ತು ಒಂದು ಸಲವೂ ಹೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಬೀದಿಯ ನಡುವೆ ನಿಂತಾಗ. ಒಂದು ಸಲವೂ. ಯಜಮಾನರ ಕಿವಿಯಲ್ಲಿ ಕೂಡ.

ಎದ್ದೆನೋ ಬಿದ್ದೆನೋ ಎಂದು ಮನೆಗೆ ಬಂದೆ. ಯಜಮಾನರು ಬಚ್ಚಲ ಬಳಿ ನಿಂತು ಹಲ್ಲುಜ್ಜುತ್ತಿದ್ದರು. ಕಟ್ಟೆಯ ಮೇಲೆ ಮುತ್ತುಗದೆಲೆಯ ಪೊಟ್ಟಣ ಬಿಚ್ಚಿಕೊಂಡಿತ್ತು, ಪಕ್ಕದಲ್ಲಿ ಎರಡು ಉಂಡೆ ಹತ್ತಿ.

"ಹತ್ತಿ ಯಾರು ತೆಗೆದ್ರು?" ಎಂದೆ.

"ನಾನೇ ತೆಗೆದೆ. ನೀನು ಬರ್ತೀಯಾಂತ ಕಾದೆ. ಹೊರಗಡೆ ನಿನ್ನ ದನಿ ಕೇಳಿಸ್ತು, ಇವತ್ತು ಅಲ್ಲಿಂದ್ಲೇ ಹೇಳ್ತಿದಾಳೆ ಅಂದ್ಕೊಂಡೆ." ಅವರು ಬಾಯಿ ಮುಕ್ಕಳಿಸಿ ಉಗಿದರು. "ಸಾಲಲ್ಲಿ ನಿಂತು ತಂದೆ ಕೆಂಪೂ. ಚೆನ್ನಾಗಿದೆ ನಿನ್ನ ದಾಳಿಂಬೆ."

ನಿನ್ನ ದಾಳಿಂಬೆ! ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡ ಬೇರೆಯವಳ ಮನೆಯ ಬಾಗಿಲಲ್ಲಿ ನಿಂತು, ಕೈಯೊಡ್ಡಿ ಪೊಟ್ಟಣ ತಂದು, ನನ್ನೆದುರಿಗೇ ಹಲ್ಲು ಕಿರಿದು ನಗುತ್ತಿದ್ದಾರೆ, ಮತ್ತು ಅದರಲ್ಲಿ ಅವರದೇನೂ ತಪ್ಪಿಲ್ಲ. ಪೊಟ್ಟಣವನ್ನು ಎತ್ತಿ ಮೋರಿಗೆ ಸುರಿದೆ. ಅವರು ಏನೂ ತಿಳಿಯದೆ ನನ್ನನ್ನೂ ಮೋರಿಯನ್ನೂ ನೋಡಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಇಂದ್ರಾಣಿಯೇ ಬಂದಳು. ಮೆಟ್ಟಿಲು ಹತ್ತುವುದಕ್ಕೆ ಬಾಗಿಲ ಚೌಕಟ್ಟು ಹಿಡಿದಳು. ಮುಖ ಬಿಳಿಚಿತ್ತು.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ಬೇಕು ನಾನು" ಎಂದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. "ನೆನ್ನೆಯಿಂದ ಉಬ್ಬಸ. ಚಾಪೆ ಬಿಟ್ಟು ಏಳೋಕಾಗ್ಲಿಲ್ಲ. ಈ ಪಾಡ್ಯ ಹೋಯ್ತು, ತಿಂಗಳು ಪೂರ್ತಿ ಉಪವಾಸ ಅಂತ ಅಳ್ತಾ ಮಲ್ಗಿದ್ದೆ. ಅಷ್ಟರಲ್ಲಿ ನಿಮ್ಮ ದನಿ. ದಾಳಿಂಬೆ ದಾಳಿಂಬೆ ಅಂತ. ಮಿಕ್ಕಿದ್ದೇನೂ ಕೇಳಿಸ್ಲಿಲ್ಲ. ಯಾರು ಮಾಡ್ತಾರಕ್ಕ ಹೀಗೆ? ನಿಮ್ಮ ಪುಡಿ ಬಿಟ್ಟು ನಂದನ್ನ ಕೂಗಿದ್ರಲ್ಲ!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಎದುರಿಗೆ ನಿಂತು ಕೈಮುಗಿದಳು. ಕೂತ್ಕೋ ಎಂದೆ. ಬಿಸಿನೀರು ಕೊಟ್ಟೆ. ಕೊನೆಗೆ ತಡೆಯಲಾರದೆ, ತಿಂಗಳುಗಟ್ಟಲೆ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ಆ ಅರ್ಧ ಹೇಳಿ ನಿಲ್ಲಿಸೋದು, ಅದನ್ನ ಎಲ್ಲಿ ಕಲ್ತೆ ನೀನು?"

ಅವಳಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. "ಕಲಿಯೋದೇನು ಬಂತಕ್ಕ? ಉಸಿರು ಸಾಲಲ್ಲ. ಮೊದಲನೇ ದಿನ ಪೂರ್ತಿ ಹೇಳೋಕೇ ಹೋದೆ. ಬಾಯಿಲ್ಲ ಅನ್ನೋಷ್ಟರಲ್ಲಿ ದಮ್ಮು ಹೋಯ್ತು. ಕಂಬ ಹಿಡ್ಕೊಂಡು ಸುಧಾರಿಸ್ಕೊಳ್ತಿದ್ದೆ, ಅಷ್ಟರಲ್ಲಿ ಅವರೇ ಹೇಳ್ಬಿಟ್ರು. ನಿಮ್ಮ ಹಾಗೆ ಗಂಟಲಿದ್ದಿದ್ರೆ ನಾನ್ಯಾಕೆ ನಿಲ್ಲಿಸ್ತಿದ್ದೆ? ನಿಮ್ಮನ್ನ ಕಂಡ್ರೆ ನನಗೆಷ್ಟು ಹೊಟ್ಟೆಕಿಚ್ಚು ಗೊತ್ತಾ?"

ಇದನ್ನು ಕೇಳಿ ಬೇರೆ ಯಾರಾದರೂ ಕರಗುತ್ತಿದ್ದರು. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ ಗಳಿಗೆಯಲ್ಲಿ ನನಗೆ ಅವಳ ಉಬ್ಬಸದ ಮೇಲೆಯೇ ಹೊಟ್ಟೆಕಿಚ್ಚಾಯಿತು. ನನ್ನ ಬಂಡೆಯಂಥ ಗಂಟಲು ಇಪ್ಪತ್ತೆರಡು ವರ್ಷದಲ್ಲಿ ಮಾಡದ್ದನ್ನು ಅವಳ ತೂತುಬಿದ್ದ ಎದೆ ಮೂರು ತಿಂಗಳಲ್ಲಿ ಮಾಡಿತ್ತು.

ಆ ತಿಂಗಳು ಹೇಗೆ ಕಳೆದೆನೋ. ಕುಟ್ಟಿದ ಪುಡಿ ಡಬ್ಬಿಗಳಲ್ಲಿ ಹಾಗೇ ಇತ್ತು. ಯಜಮಾನರು ನಾನು ನೋಡದ ಹೊತ್ತಿನಲ್ಲಿ ಹೊರಗೆ ಹೋಗಿ ಹಲ್ಲುಜ್ಜಿಕೊಂಡು ಬರುತ್ತಿದ್ದರು. ಅವರ ಬಾಯಿಂದ ದಾಳಿಂಬೆ ಸಿಪ್ಪೆಯ ಒಗರು ವಾಸನೆ ಬರುತ್ತಿತ್ತು. ನಾನು ಆ ಕಡೆ ತಿರುಗಿ ಮಲಗುತ್ತಿದ್ದೆ.

ಮತ್ತೆ ಅಮಾವಾಸ್ಯೆ ಬಂತು. ಅವರ ಕಿವಿಗೆ ನಾನೇ ಹತ್ತಿ ಇಟ್ಟೆ, ಎರಡು ಪಟ್ಟು ಗಟ್ಟಿಯಾಗಿ. ಬೆಳಿಗ್ಗೆ ಕಣ್ಣು ಬಿಟ್ಟಾಗ ಊರೆಲ್ಲ ಮರೆತು ಹಗುರಾಗಿ ಮಲಗಿತ್ತು. ನನ್ನ ನಾಲಿಗೆಯ ಮೇಲೆ ಮಾತ್ರ ಒಂದು ಹೆಸರು ಆಗಲೇ ಬಂದು ಕೂತಿತ್ತು. ಅದು ಕೊಕ್ಕರೆಯಲ್ಲ. ದಾಳಿಂಬೆ ಬೇಡ, ದಾಳಿಂಬೆ ಬೇಡ. ನಾನೇ ಕಟ್ಟಿದ ಸಾಲಲ್ಲವೇ? ಮಾಡಿದ್ದನ್ನು ಮರೆಯುವ ಹಾಗಿಲ್ಲ. ನನ್ನ ಕೂಗಿನಿಂದ ಅವಳ ಬಾಗಿಲಿಗೆ ಹೋದವರೆಲ್ಲ ಅವಳ ಪುಡಿಯ ಹೆಸರನ್ನು ಮರೆತಿದ್ದರು, ನಾನು ಮಾತ್ರ ಸಾಯುವವರೆಗೆ ಅದನ್ನು ಬಾಯಲ್ಲಿಟ್ಟುಕೊಂಡು ಏಳಬೇಕು.

ಯಜಮಾನರ ಮುಂದೆ ಕೂತು ಹತ್ತಿ ತೆಗೆದೆ. ಅವರು ಎಂದಿನಂತೆ ಕಣ್ಣು ಮುಚ್ಚಿ ತಲೆ ವಾಲಿಸಿದರು. ಬಗ್ಗಿದೆ, ಆದರೆ ಬಾಯಿಂದ ಯಾವ ಹೆಸರು ಬಂದುಬಿಡುತ್ತದೋ ಎಂದು ಹೆದರಿಕೆಯಾಯಿತು. ಅವಳ ವಿದ್ಯೆಯನ್ನೇ ಕದ್ದು ನೋಡೋಣ ಎನಿಸಿತು. "ನಮ್ಮನೆ ಹಲ್ಲುಪುಡಿ..." ಎಂದು ನಿಲ್ಲಿಸಿದೆ.

ಅವರು ಕಾದರು. ಒಂದು ಕಣ್ಣು ತೆರೆದು ನೋಡಿದರು. "ಹೂಂ, ಹೇಳು."

"ನೀವೇ ಹೇಳಿ. ಬಿಡಿಸಿ. ನೀವೇ ಬಿಡಿಸಿದ್ರೆ ಮರೆಯೋದಿಲ್ಲ."

"ನನಗ್ಯಾಕೆ ಬಿಡಿಸೋ ಕೆಲಸ?" ಎಂದರು ಯಜಮಾನರು. "ನಾನು ನೆನಪಿಟ್ಕೊಂಡ್ರೆ ನೀನು ಇಲ್ಲಿ ಬಂದು ಬಗ್ತೀಯಾ? ಹೋದ ತಿಂಗಳು ಬಗ್ಲೇ ಇಲ್ಲ."

ನಾನು ಮತ್ತೆ ಅವರ ಕಿವಿಯ ಹತ್ತಿರ ಬಗ್ಗಿದೆ. ಕೊಕ್ಕರೆ ಎಂದೆ. ಸರಿಯಾಗಿಯೇ ಬಂತು. ಅವರು ತಲೆಯಾಡಿಸಿ ಯಂತ್ರದ ಮುಂದೆ ಹೋಗಿ ಕೂತರು.

ಇಲ್ಲಿಗೆ ಮುಗಿದಿದ್ದರೆ ನನಗೂ ಒಳ್ಳೆಯದಿತ್ತು. ಅವತ್ತು ಕುಂಬಾರರ ಬೀದಿಗೆ ಹೊಸದಾಗಿ ನಾಲ್ಕು ಮನೆ ಒಕ್ಕಲು ಬಂದಿದ್ದವು. ಒಗಟು ಕೇಳಿದವರಲ್ಲ, ನನ್ನ ಕೂಗು ಕೇಳಿದವರಲ್ಲ, ಪೂರ್ತಿ ಖಾಲಿ ತಲೆಗಳು. ನಾನು ಒಂದು ತುದಿಯಿಂದ ಹೋದೆ. ಮನೆಗಳ ಮುಂದೆ ಇಂದ್ರಾಣಿ ಆಗಲೇ ನಿಂತಿದ್ದಳು. ಜನ ಜಗಲಿಗೆ ಬಂದಿದ್ದರು.

"ಒಡೆದ್ರೆ ಮನೆ ತುಂಬ..." ಎಂದಳು. ಅಷ್ಟರಲ್ಲೇ ಉಸಿರು ಹೋಯಿತು. ಗೋಡೆ ಹಿಡಿದಳು. ಈ ಸಲ ನಿಂತದ್ದು ಅರ್ಧಕ್ಕಲ್ಲ, ಅರ್ಧದ ಅರ್ಧಕ್ಕೆ. ಅಷ್ಟರಿಂದ ಯಾವ ಜಾಣನೂ ಏನನ್ನೂ ಬಿಡಿಸಲಾರ. ಮನೆ ತುಂಬ ಏನು? ಜನ ಕಾದರು. ಅವಳ ಎದೆ ಕಮ್ಮಾರನ ತಿದಿಯಂತೆ ಏಳುತ್ತಿತ್ತು, ಮಾತು ಬರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

ನಾನು ಮಾಡಬೇಕಾದದ್ದು ಇಷ್ಟೇ. ಕೊಕ್ಕರೆ ಎಂದು ಹನ್ನೊಂದು ಸಲ ಕೂಗಿದರೆ ನಾಲ್ಕು ಮನೆಯೂ ನನ್ನವು. ಬಾಯಿ ತೆರೆದೆ. ಆದರೆ ಆ ಅರ್ಧಕ್ಕೆ ನಿಂತ ಸಾಲು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ನನ್ನನ್ನು ಹಿಡಿದುಕೊಂಡಿತು. ಅದನ್ನು ಅಲ್ಲಿಗೆ ಬಿಟ್ಟು ಬೇರೆ ಮಾತಾಡಲು ನನ್ನಿಂದ ಆಗಲೇ ಇಲ್ಲ.

"...ಹಲ್ಲು! ಕಚ್ಚೋಕೆ ಬಾಯಿಲ್ಲ!" ಎಂದೆ. ಅವರು ಬಿಡಿಸುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. "ದಾಳಿಂಬೆ!"

ನಾಲ್ಕು ಮನೆಯವರೂ ಬೆಚ್ಚಿಬಿದ್ದು, ನಕ್ಕು, ಅವಳ ಚೀಲದ ಸುತ್ತ ಸೇರಿದರು. ಕೆಂಪಕ್ಕನ ಮನಸ್ಸು ದೊಡ್ಡದು ಎಂದು ಊರು ಈಗಲೂ ಹೇಳುತ್ತದೆ. ಇಂದ್ರಾಣಿಯಂತೂ ಕಂಡಲ್ಲಿ ಕೈಮುಗಿಯುತ್ತಾಳೆ. ಮನಸ್ಸಿನ ಗಾತ್ರ ನನಗೆ ಗೊತ್ತು. ಅವತ್ತು ಖಾಲಿ ಡಬ್ಬಿ ಹಿಡಿದವಳ ಹಾಗೆ ಬೀದಿಯ ನಡುವೆ ನಿಂತು ನಾನು ಕೇಳಿಸಿಕೊಂಡದ್ದು ಇಷ್ಟು: ನನ್ನ ಕೂಗು ಕುಂಬಾರರ ಬೀದಿ ದಾಟಿ, ಬಾವಿ ದಾಟಿ, ಕೆರೆಯ ಏರಿಯವರೆಗೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ದನಿ ಅಷ್ಟು ಚೆನ್ನಾಗಿ ಕೇಳಿಸಿರಲಿಲ್ಲ. ನನ್ನ ಬಾಯಿಗೆ ಆ ಹೆಸರು ಕೊಕ್ಕರೆಗಿಂತ ಚೆನ್ನಾಗಿ ಒಪ್ಪುತ್ತಿತ್ತು.